ಮೌನವು ಸಮ್ಮತಿಯಲ್ಲ

ಸಿಯಾಟಲ್ ಸಮೀಪದ ನಮ್ಮ ಮಿಲ್ ಕ್ರೀಕ್‌ನಿಂದ ಮಕ್ಕಳು ಕಾಲೇಜಿಗೆ ಹೊರಟಾಗ ಮಗಳಿಗೆ ‘ಜೋಪಾನ’ ಎನ್ನುವ ನಾವು, ಮಗನಿಗೆ ಉಪ್ಪಿನಕಾಯಿ ಕಟ್ಟಿಕೊಟ್ಟು ಸುಮ್ಮನಾಗುತ್ತೇವೆ. ಲೈಂಗಿಕ ದೌರ್ಜನ್ಯವನ್ನು ತಡೆಯುವ ಹೊಣೆ ಗಂಡುಮಕ್ಕಳದೂ ಹೌದೆಂಬುದು ನನ್ನ ದೃಢವಾದ ನಂಬಿಕೆ.

1993ರಲ್ಲಿ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಜಾಕ್ಸನ್ ಕಾಟ್ಜ್ ಆರಂಭಿಸಿದ ತರಬೇತಿಯು ತರುಣರನ್ನು ಶಂಕಿಸದೆ, ದಾರಿತಪ್ಪುವ ಗೆಳೆಯನನ್ನು ತಡೆಯಬಲ್ಲವರೆಂದು ಕಂಡಿತು. ಹೊಸ ವಿದ್ಯಾರ್ಥಿಗಳಿಗೆ ಇಂತಹ ತಿಳಿವಳಿಕೆ ನೀಡುವುದನ್ನು 2013ರ ಒಕ್ಕೂಟ ಸರ್ಕಾರದ ಕಾನೂನು ಕಾಲೇಜುಗಳಿಗೆ ಕಡ್ಡಾಯಗೊಳಿಸಿತು. 2020ರ ಜನಮತಗಣನೆಯಲ್ಲಿ ನಮ್ಮ ವಾಷಿಂಗ್ಟನ್ ರಾಜ್ಯವು ಶಾಲೆಗಳಲ್ಲಿಯೂ ‘ಸ್ಪಷ್ಟ ಸಮ್ಮತಿ’ಯ ಪಾಠವನ್ನು ಅನುಮೋದಿಸಿತು.

ಉಳಿದಿರುವುದು ಮನೆಯ ಪಾಠ. ‘ಮೌನಂ ಸಮ್ಮತಿಲಕ್ಷಣಂ’ ಎಂಬ ಹಿರಿಯರ ಮಾತು ಇಲ್ಲಿ ಸಲ್ಲದು. ಅಮಲಿನಲ್ಲಿ ಒರಗಿದವಳ ಮೌನ ಒಪ್ಪಿಗೆಯಾಗದು. ಗೆಳೆಯ ಎಲ್ಲೆ ಮೀರುವಾಗ ಕಣ್ಣುಮುಚ್ಚುವುದು ಸ್ನೇಹವೆನಿಸದು. ಬಂಧುಗಳೇ, ಈ ಮಾತನ್ನು ತಂದೆಯೇ ಮಗನಿಗೆ ಹೇಳಿ ಬೀಳ್ಕೊಡಲಿ.