ಶ್ರೀಲಂಕಾ ಪ್ರವಾಸ: ಸೂಕ್ತ ಕಾಲದ ಆಯ್ಕೆ ಕುರಿತು ಮಾಹಿತಿ

ಶ್ರೀಲಂಕಾ ಪ್ರವಾಸಕ್ಕಾಗಿ ಪಾಸ್‌ಪೋರ್ಟ್ ಕೋರಿ ಅರ್ಜಿ ಸಲ್ಲಿಸುವ ನಾಗರಿಕರು, ವಿಮಾನದ ಟಿಕೆಟ್ ಕಾಯ್ದಿರಿಸುವ ಮುನ್ನ ಆ ದೇಶದ ಮಳೆಗಾಲಗಳನ್ನು ಅರಿತಿರುವುದು ಸೂಕ್ತ. ದ್ವೀಪವು ಚಿಕ್ಕದಾದರೂ ಅದರ ಎಲ್ಲ ಭಾಗಗಳಿಗೂ ಒಂದೇ ಕಾಲದಲ್ಲಿ ಮಳೆಗಾಲ ಬರುವುದಿಲ್ಲ.

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತವು ಕೊಲಂಬೊ, ಗಾಲೆ, ರತ್ನಪುರ ಭಾಗಗಳಲ್ಲಿ ಮಳೆ ಸುರಿಸುತ್ತದೆ. ಮಧ್ಯದ ಬೆಟ್ಟಸಾಲು ಮೋಡಗಳನ್ನು ತಡೆಯುವುದರಿಂದ ಪೂರ್ವದ ತ್ರಿಂಕೋಮಲಿಯಲ್ಲಿ ಅದೇ ಅವಧಿಯಲ್ಲಿ ಒಣಹವೆ ಇರುತ್ತದೆ. ಆಗುಂಬೆಯ ಮಳೆಯನ್ನೂ ಚಿತ್ರದುರ್ಗದ ಬಿಸಿಲನ್ನೂ ಬಲ್ಲ ಕನ್ನಡಿಗರಿಗೆ ಇದು ಹೊಸದೇನಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತದಿಂದ ಉತ್ತರ ಹಾಗೂ ಪೂರ್ವ ಭಾಗಗಳಿಗೆ ಮಳೆಯಾಗಿ, ಪಶ್ಚಿಮ ಹಾಗೂ ದಕ್ಷಿಣ ಕರಾವಳಿಗಳು ಹಿತಕರವಾಗಿರುತ್ತವೆ. ಶ್ರೀಪಾದ ಬೆಟ್ಟದ ಯಾತ್ರೆಯೂ ಡಿಸೆಂಬರ್ ಹುಣ್ಣಿಮೆಯಿಂದ ವೆಸಾಕ್ ಹುಣ್ಣಿಮೆಯವರೆಗೆ ನಡೆಯುತ್ತದೆ.

ವಿಶೇಷ ಎಚ್ಚರಿಕೆ ಅಗತ್ಯವಿರುವುದು ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ. ಮಕ್ಕಳ ದಸರಾ ರಜೆಗೆ ಅನುಕೂಲವೆಂದು ಅಕ್ಟೋಬರ್ ತಿಂಗಳನ್ನು ಆರಿಸಿಕೊಳ್ಳುವುದು ಸಹಜವಾದರೂ, ಆಗ ದ್ವೀಪದ ಬಹುಭಾಗದಲ್ಲಿ ಮಳೆಯಾಗುತ್ತದೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳ ಪ್ರಭಾವವೂ ಸೇರುತ್ತದೆ. 2025ರ ನವೆಂಬರ್ ಅಂತ್ಯದಲ್ಲಿ ದಿತ್ವಾ ಚಂಡಮಾರುತದಿಂದ ಪ್ರವಾಹ, ಭೂಕುಸಿತಗಳುಂಟಾಗಿ ನೂರಾರು ಜನರು ಪ್ರಾಣ ಕಳೆದುಕೊಂಡರು. ಗುಡ್ಡಗಾಡಿನ ಕ್ಯಾಂಡಿ, ನುವರ ಎಲಿಯಗಳಿಗೆ ವೃದ್ಧರೊಡನೆ ತೆರಳುವವರು ಈ ಅವಧಿಯನ್ನು ಕೈಬಿಡುವುದೇ ಲೇಸು. ಅವರಿಗೆ ಜನವರಿಯ ಕೊನೆಯಿಂದ ಮಾರ್ಚ್‌ವರೆಗಿನ ಕಾಲ ಹೆಚ್ಚು ಸೂಕ್ತ.

ಶ್ರೀಲಂಕಾ ತಲುಪುವ ದಿನಾಂಕದಿಂದ ಕನಿಷ್ಠ 6 ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರತಕ್ಕದ್ದು. ಪ್ರವಾಸದ ತಿಂಗಳನ್ನು ಮುಂದೂಡುವವರು ಈ ಅವಧಿಯನ್ನು ಮತ್ತೊಮ್ಮೆ ಲೆಕ್ಕ ಹಾಕಿ, ಅಗತ್ಯವಿದ್ದಲ್ಲಿ ನವೀಕರಣಕ್ಕೆ ಮುಂಚಿತವಾಗಿ ಅರ್ಜಿ ಸಲ್ಲಿಸುವುದು.