'ಮನಿ' ಅಂದ್ರ ತಪ್ಪೇನ್ರಿ?

ನವಲಗುಂದ ತಾಲ್ಲೂಕಿನ ತಿರ್ಲಾಪುರದಾಗ ಹುಡುಗ 'ಮನಿಗೆ ಹೊಂಟೇನಿ' ಅಂತಾನ. ಪಠ್ಯಪುಸ್ತಕದಲ್ಲಿ ಇರೋದು 'ಮನೆ'. ಹಂಗಾಗಿ ಅವನ ಕನ್ನಡ ಅಶುದ್ಧ ಅನ್ನೋರು ಇದ್ದಾರೆ. ಆ ಮಾತು ಕೇಳಿದ ಮಕ್ಕಳು ತರಗತಿಯಲ್ಲಿ ಬಾಯಿ ಬಿಡಾಕ ಹೆದರ್ತಾರ.

ಆದರೆ ಗಮನಿಸ್ರಿ: ತಲೆ ಇಲ್ಲಿ ತಲಿ, ಕೆರೆ ಕೆರಿ, ಎಲೆ ಎಲಿ. ಪದದ ಕೊನೆಯ 'ಎ' ಸ್ವರ 'ಇ' ಆಗತೈತಿ. ಇದು ತಪ್ಪಲ್ಲ, ಧಾರವಾಡ ಕನ್ನಡದ ನಿಯಮ. ಮೈಸೂರಿನವರೂ 'ಇರುತ್ತದೆ' ಅಂತ ಬರೆದು 'ಇರತ್ತೆ' ಅಂತಾರೆ. ಬರಹದ ಕನ್ನಡ ಯಾರ ಮನೆಮಾತೂ ಅಲ್ಲ.

ಬೇಂದ್ರೆಯವರಿಗೆ 1973ರ ಜ್ಞಾನಪೀಠ ತಂದ ಕೃತಿ 'ನಾಕುತಂತಿ'. ಹೆಸರಿನಾಗ 'ನಾಲ್ಕು' ಇಲ್ಲ, ಆಡುಮಾತಿನ 'ನಾಕು' ಐತಿ. ಮಕ್ಕಳಿಗೆ 'ಮನೆ' ಬರೆಯೋದು ಕಲಿಸೋಣ. 'ಮನಿ' ಬಿಡಿಸೋದು ಬ್ಯಾಡ್ರಿ.