ಅಜ್ಜಿಯ ರಕ್ತದಲ್ಲಿ ಓದದೆ ಉಳಿದ ಲೆಕ್ಕ

ಗುಂಡ್ಲುಪೇಟೆಯ ಲ್ಯಾಬ್ ಒಂದರ ಬೆಂಚಿನ ಮೇಲೆ ಅಜ್ಜಿಯೊಬ್ಬರು ತೋಳು ಚಾಚಿ ಕೂತಿದ್ದರು. ಚೆಂಡುಹೂ ಬಿಡಿಸಿ ಬಿಡಿಸಿ ಬೆರಳೆಲ್ಲ ಹಳದಿ. ನೇರಳೆ ಮುಚ್ಚಳದ ಕೊಳವೆಗೆ ರಕ್ತ ಇಳಿಯುತ್ತಿದ್ದಾಗ ಕೇಳಿದರು: ‘ಇಷ್ಟ್ರಲ್ಲೇ ಎಲ್ಲಾ ತಿಳಿದ್ಬುಡ್ತದಾ ಕೂಸೆ?’

ಹಿಮೋಗ್ಲೋಬಿನ್ ತಿಳಿಯುತ್ತದೆ, ಮೂರು ತಿಂಗಳ ಶುಗರ್ ತಿಳಿಯುತ್ತದೆ. ಅದೇ ಕೊಳವೆಯಲ್ಲಿ ಅವರ ವಯಸ್ಸು ಬರೆದಿಟ್ಟ ಇನ್ನೊಂದು ಲೆಕ್ಕವೂ ಇದೆ.

ಜಾರಿಹೋಗುವ ಎಕ್ಸ್

ಹೆಣ್ಣಿನ ಬಿಳಿ ರಕ್ತಕಣದಲ್ಲಿ 46 ವರ್ಣತಂತುಗಳು. ಅವುಗಳಲ್ಲಿ ಎರಡು ಎಕ್ಸ್. ಒಂದು ದುಡಿಯುತ್ತದೆ, ಇನ್ನೊಂದು ಬಹುಪಾಲು ಮಲಗಿರುತ್ತದೆ ಎಂದು 1961ರಲ್ಲಿ ಇಂಗ್ಲೆಂಡಿನ ತಳಿವಿಜ್ಞಾನಿ ಮೇರಿ ಲಯನ್ ಹೇಳಿದರು. ಅದೇ ವರ್ಷ ಇನ್ನೊಬ್ಬ ತಳಿವಿಜ್ಞಾನಿ ಪೆಟ್ರಿಷಿಯಾ ಜೇಕಬ್ಸ್ ಮತ್ತು ಸಂಗಡಿಗರು, ವಯಸ್ಸಾದಂತೆ ರಕ್ತಕಣಗಳಲ್ಲಿ ವರ್ಣತಂತುಗಳ ಎಣಿಕೆ ತಪ್ಪುವುದನ್ನು ತೋರಿಸಿದರು.

ಎಷ್ಟೇ ಪಳಗಿದ ಕೈಯಾದರೂ ಹೂ ಕಟ್ಟುವಾಗ ಒಂದೆರಡು ಹೂ ಮಡಿಲಿಗೆ ಜಾರುತ್ತವೆ. ಮೂಳೆಯ ಮಜ್ಜೆಯಲ್ಲಿ ಕೋಶ ಒಡೆದು ಎರಡಾಗುವಾಗಲೂ ಹಾಗೆಯೇ. ಹೆಚ್ಚಾಗಿ ಜಾರುವುದು ಮಲಗಿದ ಎಕ್ಸ್. ಅದನ್ನು ಕಳೆದುಕೊಂಡ ಕೋಶ ಸಾಯದೆ ಒಡೆಯುತ್ತಾ ಹೋದರೆ ಅದರ ಸಂತತಿ ರಕ್ತದಲ್ಲಿ ಹೆಚ್ಚುತ್ತದೆ.

2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ 8,83,574 ಮಹಿಳೆಯರನ್ನು ಪರಿಶೀಲಿಸಿತು. ಶೇ 12ರಷ್ಟು ಮಂದಿಯಲ್ಲಿ ಈ ನಷ್ಟ ಕಂಡಿತು. ಅವರಲ್ಲೂ ಎಕ್ಸ್ ಕಳೆದುಕೊಂಡಿದ್ದು ಸರಾಸರಿ ಶೇ 2ರಷ್ಟು ಬಿಳಿ ಕಣಗಳು ಮಾತ್ರ. ಇದು ಕಾಯಿಲೆಯಲ್ಲ, ಯಾರೂ ಹೆದರಬೇಕಿಲ್ಲ. ಆದರೆ ಇಂಥವರಲ್ಲಿ ರಕ್ತದ ಕ್ಯಾನ್ಸರ್‌ನ ಅಪಾಯ ತುಸು ಹೆಚ್ಚು. ಹಾಗಾಗಿಯೇ ಈ ಎಣಿಕೆಗೆ ಬೆಲೆ.

ನಮ್ಮವರು ಎಲ್ಲಿ?

ಆ ಲೆಕ್ಕಕ್ಕೆ ರಕ್ತ ಬಂದದ್ದು ಫಿನ್ಲೆಂಡ್, ಬ್ರಿಟನ್, ಅಮೆರಿಕ, ಜಪಾನ್ ಮುಂತಾದ ಕಡೆಯ ಎಂಟು ಸಂಗ್ರಹಗಳಿಂದ. ಭಾರತದ್ದು ಒಂದೂ ಇಲ್ಲ. ನಮ್ಮಲ್ಲಿ ಜೀನೋಮ್ ಇಂಡಿಯಾ ಯೋಜನೆ ಸುಮಾರು 10,000 ಜನರ ಜೀನೋಮ್, ಅಂದರೆ ಪೂರ್ಣ ವಂಶವಾಹಿ ಲಿಪಿ, ಓದಿದೆ. ಅದನ್ನು ಮುನ್ನಡೆಸಿದ್ದು ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ. ಆದರೆ ಮುಪ್ಪನ್ನು ಅರಿಯಲು ಒಮ್ಮೆ ಓದಿದರೆ ಸಾಲದು, ಅದೇ ವ್ಯಕ್ತಿಯನ್ನು ವರ್ಷಗಟ್ಟಲೆ ನೋಡುತ್ತಿರಬೇಕು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ನೆನಪು, ಆರೋಗ್ಯವನ್ನು ಅದೇ ಕೇಂದ್ರ ಹಾಗೆ ಗಮನಿಸುತ್ತಿದೆ. ಅಜ್ಜಿಯ ಜಿಲ್ಲೆಯಾದ ಚಾಮರಾಜನಗರದಲ್ಲೂ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅರಿಶಿನ, ಹೂವಿನ ಹೊಲಗಳಲ್ಲಿ ಸವೆದ ಈ ಜೀವಗಳ ಮುಪ್ಪಿಗೂ ಅಂಥ ಗಮನ ಸಲ್ಲಬೇಕು.

ಅಜ್ಜಿ ಹತ್ತಿ ಒತ್ತಿಕೊಂಡೇ ಎದ್ದರು. ಲ್ಯಾಬಿನ ಹುಡುಗಿ ‘ಹೂಂ ಅಜ್ಜಿ, ಎಲ್ಲಾ ತಿಳೀತದೆ’ ಅಂದಳು. ಆ ಮಾತನ್ನು ನಿಜ ಮಾಡುವ ಹೊಣೆ ನಮ್ಮದು.